ಮಧ್ಯಾಹ್ನ ಬಿಸಿಲೇರಿದ ಮೇಲೆ ಕಂಪ್ಯೂಟರ್ ತಾನೇ ಬಂದ್ ಆಗುತ್ತದೆ, ಹೊಸದು ತಗೊಳ್ಳಬೇಕಾ?

ನೀವು ಬರೆದದ್ದು ಇಷ್ಟು: ಕಲಬುರಗಿಯಲ್ಲಿ ಮನೆ, ಆರು ವರ್ಷದ ಡೆಸ್ಕ್‌ಟಾಪ್, ವಿಂಡೋಸ್ 10. ಬೆಳಿಗ್ಗೆ ಎರಡು ತಾಸು ಹಚ್ಚಿಟ್ಟರೂ ಏನೂ ಆಗುವುದಿಲ್ಲ. ಮಧ್ಯಾಹ್ನ ಒಂದರ ಮೇಲೆ ಇಪ್ಪತ್ತು ನಿಮಿಷಕ್ಕೇ ಫಟ್ಟಂತ ಬಂದ್. ಅಂಗಡಿಯವರು ‘ವಿಂಡೋಸ್ 10 ಮುಗಿದುಹೋಯಿತು, ಅದಕ್ಕೇ ಹೀಗೆ, ಹೊಸದು ತಗೊಳ್ಳಿ’ ಅಂದರು.

ಸದ್ಯಕ್ಕೆ ಹೊಸದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದದ್ದು ನಿಜ. ಆದರೆ ಮುಗಿದದ್ದು ಸುರಕ್ಷತೆಯ ಅಪ್‌ಡೇಟ್. ಅದರಿಂದ ಯಾವ ಕಂಪ್ಯೂಟರೂ ಕರೆಂಟ್ ತೆಗೆದ ಹಾಗೆ ಬಂದ್ ಆಗುವುದಿಲ್ಲ, ಅದೂ ಮಧ್ಯಾಹ್ನ ಮಾತ್ರ ಅಂತೂ ಆಗುವುದೇ ಇಲ್ಲ. ಬೆಳಿಗ್ಗೆ ಸರಿ, ಬಿಸಿಲೇರಿದ ಮೇಲೆ ತೊಂದರೆ ಅಂದರೆ ಮೊದಲ ಅನುಮಾನ ಶಾಖದ ಮೇಲೆ, ಆಮೇಲೆ ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ ಮೇಲೆ, ಆಮೇಲೆ ಮನೆಯ ಕರೆಂಟಿನ ಮೇಲೆ. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಮುಖ್ಯವಾದ ಫೋಟೋ, ಕಾಗದಪತ್ರಗಳನ್ನು ಮಾತ್ರ ಬೆಳಗಿನ ಹೊತ್ತಲ್ಲೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೀಗೆ ಮೇಲಿಂದ ಮೇಲೆ ಬಂದ್ ಆದರೆ ಫೈಲು ಕೆಡುತ್ತವೆ, ಹಾರ್ಡ್ ಡಿಸ್ಕ್‌ಗೂ ಒಳ್ಳೆಯದಲ್ಲ.

ಪರೀಕ್ಷೆ ಪುಕ್ಕಟೆಯದು. ಕಂಪ್ಯೂಟರ್ ಬಂದ್ ಮಾಡಿ, ವೈರ್ ಕಿತ್ತು, ಹಿಂದಿನ ಎರಡು ಸ್ಕ್ರೂ ತೆಗೆದು ಕ್ಯಾಬಿನೆಟ್‌ನ ಎಡಬದಿಯ (ಮುಂದಿನಿಂದ ನೋಡಿದಾಗ) ತಗಡು ಸರಿಸಿ. ಟೇಬಲ್ ಫ್ಯಾನನ್ನು ಒಂದೆರಡು ಅಡಿ ದೂರದಲ್ಲಿ, ಗಾಳಿ ನೇರ ಒಳಗೆ ಹೋಗುವ ಹಾಗೆ ಇಟ್ಟು, ವೈರ್ ಹಾಕಿ, ಮಧ್ಯಾಹ್ನ ಎರಡಕ್ಕೆ ಹಚ್ಚಿ. ಒಳಗೆ ಕೈ ಹಾಕಬೇಡಿ. ಒಂದು ತಾಸು ಬಂದ್ ಆಗದೆ ನಡೆಯಿತು ಅಂದರೆ ಶಾಖವೇ ಕಾರಣ. ಕೋಣೆಯ ನೀರಿನ ಕೂಲರ್ ಮಾತ್ರ ಎದುರಿಗೆ ಇಡಬೇಡಿ. ಅದರ ಗಾಳಿಯ ಜೊತೆ ಸಣ್ಣ ಹನಿಗಳೂ ಹಾರಿ ಬರುತ್ತವೆ. ಬೋರಿನ ಗಡಸು ನೀರಾದರೆ ಬೋರ್ಡಿನ ಮೇಲೆ ಬಿಳಿ ಉಪ್ಪು ಕೂಡುತ್ತದೆ. ಕೂಲರ್ ಕೋಣೆ ತಂಪು ಮಾಡಲಿ, ಕಂಪ್ಯೂಟರಿಗೆ ತಾಗದಿರಲಿ.

ಅಂಕಿಯಲ್ಲೇ ನೋಡಬೇಕಂದರೆ ಕೋರ್ ಟೆಂಪ್ ಎಂಬ ಉಚಿತ ಪ್ರೋಗ್ರಾಂ ಸಾಕು (ಇನ್‌ಸ್ಟಾಲ್ ಮಾಡುವಾಗ ಬೇಡದ ಬೇರೆ ಪ್ರೋಗ್ರಾಂಗೆ ಟಿಕ್ ಇದ್ದರೆ ತೆಗೆಯಿರಿ). ವಿಂಡೋಸಿನದೇ ಟಾಸ್ಕ್ ಮ್ಯಾನೇಜರ್ ಪ್ರೊಸೆಸರಿನ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಶಾಖ ತೋರಿಸುವುದಿಲ್ಲ. ಇಂಟೆಲ್ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 100 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದಾಗ ಅದು ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ಬಂದ್ ಆಗುವ ಮೊದಲು ಮಷೀನ್ ಜಡವಾಗುತ್ತದೆ, ಫ್ಯಾನ್ ಹೂಂಕರಿಸುತ್ತದೆ. ಅದಕ್ಕೂ ಮೇಲೆ ಹೋದರೆ ಸುಟ್ಟುಹೋಗಬಾರದೆಂದು ಯಾವ ಸೂಚನೆಯೂ ಕೊಡದೆ ಬಂದ್ ಆಗುತ್ತದೆ. ಕೋಣೆಯ ಶಾಖ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ಕಾದ ಸ್ಲ್ಯಾಬಿನ ಕೆಳಗಿನ ಕೋಣೆಯೂ ಸುಲಭಕ್ಕೆ ತಣಿಯುವುದಿಲ್ಲ. ಜನವರಿಯಲ್ಲಿ ಹೇಗೋ ನಡೆಯುತ್ತಿದ್ದ ಮಷೀನು ಈಗ ಕೈಕೊಡುವುದು ಅದಕ್ಕೇ.

ಕೆಲವರು, ವಿಂಡೋಸಿನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ನೋಡಿ ವಿಂಡೋಸ್ ಕೆಟ್ಟಿದೆ ಅಂತ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. 41 ಹೇಳುವುದು ‘ಹಿಂದಿನ ಸಲ ಸರಿಯಾಗಿ ಬಂದ್ ಆಗಲಿಲ್ಲ’ ಅಂತ ಮಾತ್ರ, ಕಾರಣ ಹೇಳುವುದಿಲ್ಲ. ಅದರ ಡೀಟೇಲ್ಸ್ ಪುಟದಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ನೀಲಿ ಪರದೆಯ (ವಿಂಡೋಸ್ ತಾನೇ ತಪ್ಪು ತೋರಿಸಿ ನಿಂತದ್ದರ) ದಾಖಲೆ ಇಲ್ಲ ಅಂತ. ಆಗ ಫಾರ್ಮ್ಯಾಟ್‌ಗಿಂತ ಮೊದಲು ಶಾಖ ಮತ್ತು ಕರೆಂಟ್ ನೋಡಬೇಕು.

ಶಾಖವೇ ಅಂತ ಖಾತ್ರಿಯಾದರೆ ಧೂಳು ತೆಗೆಯಿರಿ. ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ ಅಂಗಳಕ್ಕೆ ತನ್ನಿ. ಒಂದು ಇಂಚಿನ ಮೆತ್ತನೆಯ ಪೇಂಟ್ ಬ್ರಷ್, ಒಂದು ಬ್ಲೋವರ್ ಸಾಕು. ಒದ್ದೆ ಬಟ್ಟೆ ಬೇಡ. ಬ್ಲೋವರ್ ಹಿಡಿದಾಗ ಫ್ಯಾನಿನ ರೆಕ್ಕೆ ಬೆರಳಿಂದ ಒತ್ತಿ ಹಿಡಿಯಿರಿ, ವಿಪರೀತ ತಿರುಗಿದರೆ ಬೇರಿಂಗ್ ಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ: ಮೇಲಿಂದ ಗಾಳಿ ಹೊಡೆದು ‘ಸ್ವಚ್ಛ ಆಯಿತು’ ಅನ್ನುತ್ತಾರೆ. ನಿಜವಾದ ಧೂಳು ಫ್ಯಾನ್ ಮತ್ತು ಅದರ ಕೆಳಗೆ ಶಾಖ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ನಡುವೆ ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ. ನಮ್ಮ ಎರೆಮಣ್ಣಿನ ಧೂಳು ನುಣ್ಣಗಿರುತ್ತದೆ, ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳದೂ ಸೇರುತ್ತದೆ. ಫ್ಯಾನ್ ಬಿಚ್ಚದೆ ಅದು ಪೂರ್ತಿ ಬರುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ, ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ವರೆಗೆ ಉಳಿದಿರಬಹುದು. ಜಾಲರಿಯಿಂದ ಗಾಳಿ ಊದಿದರೆ ಸಾಕು.

ಆರು ವರ್ಷವಾಗಿದೆಯಲ್ಲ, ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಅದನ್ನೂ ಬದಲಿಸಿ. ಇಂಟೆಲ್ ಪ್ರೊಸೆಸರಿನ ಜೊತೆ ಬರುವ, ಫ್ಯಾನ್ ಮತ್ತು ಹೀಟ್‌ಸಿಂಕ್ ಸೇರಿದ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ಫ್ಯಾನಿನ ಪುಟ್ಟ ವೈರ್ ಮೊದಲು ತೆಗೆದು, ಪ್ರತಿ ಗೂಟವನ್ನು ತಲೆಯ ಮೇಲಿನ ಬಾಣದ ಕಡೆ ಕಾಲು ಸುತ್ತು ತಿರುಗಿಸಿ ಮೇಲೆತ್ತಿ. ಪ್ರೊಸೆಸರ್ ಎಎಂಡಿ ಕಂಪನಿಯ ರೈಜನ್ ಆದರೆ ಹುಷಾರು: ಹತ್ತು ನಿಮಿಷ ಹಚ್ಚಿ ಪೇಸ್ಟ್ ಬೆಚ್ಚಗಾದ ಮೇಲೆ ಬಂದ್ ಮಾಡಿ, ವೈರ್ ಕಿತ್ತು, ಕೂಲರನ್ನು ಆಚೀಚೆ ಮೆಲ್ಲಗೆ ತಿರುವುತ್ತಾ ಬಿಡಿಸಿ. ಒಮ್ಮೆಲೇ ಎಳೆದರೆ ಪ್ರೊಸೆಸರ್ ಅಂಟಿಕೊಂಡೇ ಬಂದು ಪಿನ್ನು ಬಾಗುತ್ತವೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಎರಡೂ ಕಡೆ ಒರೆಸಿ. ಹೊಸ ಪೇಸ್ಟ್ ಎಷ್ಟು ಅಂದರೆ, ನಡುವೆ ಒಂದು ದೊಡ್ಡ ತೊಗರಿ ಕಾಳಿನಷ್ಟು. ಹೆಚ್ಚು ಹಾಕಿದರೆ ಹೆಚ್ಚು ತಂಪು ಆಗುವುದಿಲ್ಲ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದು ತುಂಬುವುದಷ್ಟೇ ಅದರ ಕೆಲಸ. ಕೂಡಿಸುವಾಗ ಗೂಟಗಳನ್ನು ಬಾಣಕ್ಕೆ ಎದುರು ದಿಕ್ಕಿಗೆ ತಿರುಗಿಸಿ ಮೊದಲಿದ್ದ ಹಾಗೆ ಇಟ್ಟು, ಒಂದು ಮೂಲೆ, ಅದರ ಎದುರು ಮೂಲೆ ಹೀಗೆ ಒತ್ತಿ, ಪ್ರತಿಯೊಂದಕ್ಕೂ ‘ಟಕ್’ ಅನ್ನಬೇಕು. ಒಂದು ಗೂಟ ಕೂಡದಿದ್ದರೂ ಮಾಡಿದ್ದೆಲ್ಲ ವ್ಯರ್ಥ, ಮೊದಲಿಗಿಂತ ಹೆಚ್ಚು ಕಾಯುತ್ತದೆ. ಫ್ಯಾನಿನ ವೈರ್ ಮರಳಿ ಚುಚ್ಚಲು ಮರೆಯಬೇಡಿ.

ಇದನ್ನೆಲ್ಲ ಮಾಡಲು ಬಿಡುವಾಗುವವರೆಗೆ ಒಂದು ಉಪಾಯ: ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್, ಅಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಬಹಳಷ್ಟು ಪ್ರೊಸೆಸರ್‌ಗಳಲ್ಲಿ ಟರ್ಬೊ ಎಂಬ ಹೆಚ್ಚುವರಿ ವೇಗ ನಿಲ್ಲುತ್ತದೆ, ಶಾಖ ಎದ್ದು ಕಾಣುವಷ್ಟು ಇಳಿಯುತ್ತದೆ. ಬ್ರೌಸರು, ಟೈಪಿಂಗಿಗೆ ವ್ಯತ್ಯಾಸ ಹೆಚ್ಚು ಗೊತ್ತಾಗುವುದಿಲ್ಲ. ಕ್ಯಾಬಿನೆಟ್ ಟೇಬಲ್ಲಿನ ಮುಚ್ಚಿದ ಖಾನೆಯಲ್ಲಿದ್ದರೆ ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ಬಿಟ್ಟು, ಕಸಗುಡಿಸುವ ಧೂಳು ಏರದಂತೆ ಫರಸಿಯಿಂದ ನಾಲ್ಕೈದು ಇಂಚು ಎತ್ತರದಲ್ಲಿಡಿ.

ಟೇಬಲ್ ಫ್ಯಾನ್ ಇಟ್ಟರೂ ಬಂದ್ ಆಯಿತು, ಕೋರ್ ಟೆಂಪ್ 70 ದಾಟಿಲ್ಲ ಅಂದರೆ ಎಸ್‌ಎಂಪಿಎಸ್ ನೋಡಿ. ಬಂದ್ ಆದ ಮೇಲೆ ಹಿಂದಿನ ಸ್ವಿಚ್ ಅರ್ಧ ನಿಮಿಷ ಆರಿಸಿಟ್ಟರೆ ಮಾತ್ರ ಮತ್ತೆ ಹತ್ತುತ್ತದೆ ಅನ್ನುವುದು ಅದರ ಗುರುತು. ಪರಿಚಯದವರ ಒಳ್ಳೆಯ ಎಸ್‌ಎಂಪಿಎಸ್ ಒಂದು ದಿನಕ್ಕೆ ತಂದು ಹಾಕಿ ನೋಡುವುದೇ ನಂಬಿಕೆಯ ಪರೀಕ್ಷೆ.

ಫ್ರಿಜ್, ಕೂಲರ್, ಬೋರ್ ಮೋಟರ್ ಶುರುವಾದ ಗಳಿಗೆಗೇ ಬಂದ್ ಆಗುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಇದ್ದರೆ ಅದರ ಮೇಲೆ ಅಥವಾ ಹಿಂದೆ ‘ಯುಪಿಎಸ್’ ಮತ್ತು ‘ಇಕೊ’ ಎಂದು ಚಿಕ್ಕ ಸ್ವಿಚ್ ಇದೆಯೇ ನೋಡಿ, ಯುಪಿಎಸ್ ಕಡೆ ಇಡಿ. ಇಕೊದಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ, ಕಂಪ್ಯೂಟರ್ ತಾಳುವುದಿಲ್ಲ. ಬೇರೆ ಯುಪಿಎಸ್ ಇದ್ದು ಕರೆಂಟ್ ಹೋದ ಕೂಡಲೇ ಕೈಬಿಟ್ಟರೆ ಒಳಗಿನ ಬ್ಯಾಟರಿ (ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್) ಮುಗಿದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಬ್ಯಾಟರಿ ಬದಲಿಸಿದರೆ ಸಾಕು, ಯುಪಿಎಸ್ ಎಸೆಯಬೇಡಿ. ಕಾವಿನಲ್ಲಿ ಈ ಬ್ಯಾಟರಿಗಳ ಆಯುಷ್ಯ ಬಹಳ ಕಡಿಮೆಯಾಗುತ್ತದೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ಇಲ್ಲ ಅಥವಾ ಸತ್ತಿದೆ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥ್ ಗುಂಡಿಯ ಸಂಪರ್ಕ ಸಡಿಲಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕೈಯಿಂದ ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು-ಮೂರು ವೋಲ್ಟ್ ಒಳಗಿದ್ದರೆ ಸರಿ. ಹೆಚ್ಚಿದ್ದರೆ ಅದು ಸರಿಯಾಗುವವರೆಗೆ ಕ್ಯಾಬಿನೆಟ್‌ನ ತಗಡನ್ನು ಬರಿಗಾಲಲ್ಲಿ ನಿಂತು ಮುಟ್ಟಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ.

ವಿಂಡೋಸ್ ವಿಷಯ ಕೊನೆಗೆ ನೋಡಿಕೊಳ್ಳಿ. ಪ್ರೊಸೆಸರ್ ಇಂಟೆಲ್ 8ನೇ ಪೀಳಿಗೆ ಅಥವಾ ಅದರ ಮುಂದಿನದಾಗಿದ್ದು, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಟಿಪಿಎಂ 2.0 (ಸುರಕ್ಷತೆಯ ಕೀಲಿಗಳನ್ನು ಕಾಯುವ ಭಾಗ) ಆನ್ ಮಾಡಲು ಬಂದರೆ ಇದೇ ಮಷೀನಿಗೆ ವಿಂಡೋಸ್ 11 ಉಚಿತವಾಗಿ ಹತ್ತುತ್ತದೆ. ಆಗದಿದ್ದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ಹಚ್ಚಿ, ಅದು 13 ಅಕ್ಟೋಬರ್ 2026ರವರೆಗೆ ಸಿಗುತ್ತದೆ. ಆದರೆ ಬಂದ್ ಆಗುವುದು ನಿಂತ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ. ವಿಂಡೋಸ್ 11 ಹತ್ತುತ್ತಿರುವಾಗ ನಡುವೆ ಬಂದ್ ಆದರೆ ಇರುವ ವಿಂಡೋಸೂ ಏಳದೆ ಹೋಗಬಹುದು.