ಯಜೀದಿ ಮಹಿಳೆಯರಿಗೆ ಹೊಲಿಗೆ ಕೇಂದ್ರ: ‘ಸೆರೆಯಿಂದ ಬಂದವರಿಗೆ ಮಾತ್ರ’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ

ಇರಾಕಿನ ದುಹೋಕ್‌ನಲ್ಲಿ ಮನೆ ಬಿಟ್ಟು ಬಂದವರ ಶಿಬಿರದಲ್ಲಿ, ಐಸಿಸ್ ಉಗ್ರರ ಸೆರೆಯಿಂದ ಪಾರಾಗಿ ಬಂದ 30 ಯಜೀದಿ (ಉತ್ತರ ಇರಾಕಿನ ಒಂದು ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯ) ಹೆಣ್ಣುಮಕ್ಕಳಿಗೆ ಮಾತ್ರ ಹೊಲಿಗೆ ಕೇಂದ್ರ ತೆರೆಯಬೇಕೆಂದಿದ್ದೀರಿ. ಯಂತ್ರಗಳನ್ನು ಬೆಂಗಳೂರಿನಿಂದಲೇ ಕಳಿಸಬಹುದಾ, ಖರ್ಚು ಎಷ್ಟಾದೀತು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನಮ್ಮ ಹಳೆಯ ಪ್ರಸ್ತಾವನೆ ಕಣ್ಣೆದುರು ಬಂತು. ಸಂಖ್ಯೆ ಮಾತ್ರ ಬೇರೆ, ನಮ್ಮದು 24.

ಆ 24ರಲ್ಲಿ ಮೂರನೇ ವಾರಕ್ಕೆ ಉಳಿದವರು 13. ಯಂತ್ರ ಕೆಟ್ಟಿರಲಿಲ್ಲ, ಕಲಿಸುವವರು ಚೆನ್ನಾಗಿಯೇ ಕಲಿಸುತ್ತಿದ್ದರು. ಕೆಡಿಸಿದ್ದು ಒಂದು ಹಾಳೆ.

ಕೇಂದ್ರ ಅಂದರೆ 12 ಮೀಟರ್ ಉದ್ದ, 3 ಮೀಟರ್ ಅಗಲದ ತಗಡಿನ ಕಾರವಾನ್. ಬಾಗಿಲ ಹತ್ತಿರ ಮೇಜು ಹಿಡಿಸಲಿಲ್ಲ ಅಂತ ಹಾಜರಿ ಹಾಳೆಯನ್ನು ಕ್ಲಿಪ್ ಹಾಕಿ ಬಾಗಿಲಿಗೇ ನೇತುಹಾಕಿದೆವು. ತಲೆಯಲ್ಲಿ ದಾನಿಗಳ ಲೋಗೋ, ಅದರ ಕೆಳಗೆ ಅರಬಿಯಲ್ಲಿ ಯೋಜನೆಯ ಹೆಸರು. ಅದರಲ್ಲಿ ‘ನಾಜಿಯಾತ್’ ಅನ್ನುವ ಪದವಿತ್ತು, ಅಂದರೆ ಪಾರಾಗಿ ಬಂದ ಹೆಂಗಸರು. ಮುಂದೆ ಹೆಸರು, ಸೆಕ್ಟರ್ (ಶಿಬಿರದ ವಿಭಾಗ), ಟೆಂಟ್ ಸಂಖ್ಯೆ, ಸಹಿ. ರೊಟ್ಟಿ ತರಲು ಹೊರಟವರು, ನೀರಿನ ಟ್ಯಾಂಕರಿಗೆ ಕಾಯುತ್ತಿದ್ದವರು ಎಲ್ಲರೂ ಓದಿದರು. ಎರಡೇ ವಾರದಲ್ಲಿ ಹುಡುಗರ ಬಾಯಲ್ಲಿ ಅದು ‘ನಾಜಿಯಾತ್ ಕಾರವಾನ್’ ಆಯಿತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಈ ಕಥೆ ಕೇಳಿದವರೆಲ್ಲ ‘ಹಾಗಾದರೆ ಹಾಳೆಯನ್ನು ಡ್ರಾಯರ್‌ನಲ್ಲಿ ಇಡುತ್ತೇವೆ’ ಅನ್ನುತ್ತಾರೆ. ಡ್ರಾಯರ್‌ನಲ್ಲಿ ಇಟ್ಟಿದ್ದರೂ ಅಷ್ಟೇ ಆಗುತ್ತಿತ್ತು. ಶಿಬಿರದಲ್ಲಿ ಟೆಂಟುಗಳು ಸಾಲುಸಾಲಾಗಿರುತ್ತವೆ, ಶಿಂಗಾಲ್‌ನ ಒಂದೇ ಊರಿನವರು ಅಕ್ಕಪಕ್ಕ ಸೇರಿಕೊಂಡಿರುತ್ತಾರೆ. (ಯಜೀದಿಗಳ ತವರು ಸೀಮೆ, ಅರಬಿಯಲ್ಲಿ ಸಿಂಜಾರ್, ಅವರ ಬಾಯಲ್ಲಿ ಶಿಂಗಾಲ್.) ಒಂದೇ ಗುಂಪಿನವರಿಗೆ ತೆರೆದ ಬಾಗಿಲನ್ನು ಹೊಕ್ಕವಳ ವಿಷಯ ಡಂಗುರ ಸಾರಿದಂತೆಯೇ. ಐಸಿಸ್ 2014ರ ಆಗಸ್ಟ್ 3ರಂದು ಶಿಂಗಾಲ್ ಮೇಲೆ ನಡೆಸಿದ ದಾಳಿಯಲ್ಲಿ, ಆಮೇಲೆ ಅಲ್ಲಿನ ಕೋಚೋ ಊರಿನ ಹತ್ಯಾಕಾಂಡದಲ್ಲಿ ಸೆರೆ ಹೋದ ಹೆಂಗಸರು ಮತ್ತು ಮಕ್ಕಳು 6,000ಕ್ಕೂ ಹೆಚ್ಚು. ಮರಳಿ ಬಂದವರಲ್ಲಿ ಕೆಲವರ ಮನೆಯವರು ನೆಂಟರಿಗೆ ಬೇರೆಯೇ ಕಥೆ ಹೇಳಿರುತ್ತಾರೆ: ಸಿಕ್ಕಿಬೀಳದೆ ಶಿಂಗಾಲ್ ಬೆಟ್ಟ ಹತ್ತಿದಳು, ಸಿರಿಯಾ ದಾರಿಯಾಗಿ ಬಂದಳು, ಅಷ್ಟೇ. ಆ ಕಥೆ ನಿಲ್ಲಲಿ ಅಂತ ಮನೆಯವರು ಪಟ್ಟ ಪಾಡನ್ನು ನಮ್ಮ ಹಾಳೆ ಒಂದು ಬೆಳಗಿನಲ್ಲಿ ಮಣ್ಣುಪಾಲು ಮಾಡಿತು.

ಯಜೀದಿಗಳ ಧರ್ಮಗುರು ಬಾಬಾ ಶೇಖ್ ಖುರ್ತೋ ಹಾಜಿ ಇಸ್ಮಾಯಿಲ್ ಅವರೇ ಈ ಹೆಣ್ಣುಮಕ್ಕಳನ್ನು ತುಂಬು ಗೌರವದಿಂದ ಬರಮಾಡಿಕೊಳ್ಳಿ ಎಂದು ಸಾರಿದ್ದರಲ್ಲ, ಅವರ ಪುಣ್ಯಕ್ಷೇತ್ರ ಲಾಲಿಶ್‌ನ ಬಿಳಿ ಬುಗ್ಗೆಯಲ್ಲಿ ಮತ್ತೆ ದೀಕ್ಷೆ ಕೊಟ್ಟರಲ್ಲ ಅಂತ ನೀವು ಕೇಳಬಹುದು. ನಿಜ, ಅದು ದೊಡ್ಡ ಮಾತು. ಆದರೆ ಗುರು ಒಪ್ಪಿದರೆಂದು ಪಕ್ಕದ ಟೆಂಟಿನ ಬಾಯಿ ಮುಚ್ಚುವುದಿಲ್ಲ. ಸೆರೆಯಲ್ಲಿ ಹುಟ್ಟಿದ ಮಕ್ಕಳನ್ನಂತೂ ಆ ಒಪ್ಪಿಗೆ ಒಳಗೊಳ್ಳಲಿಲ್ಲ. 2019ರ ಏಪ್ರಿಲ್‌ನಲ್ಲಿ ಧಾರ್ಮಿಕ ಮಂಡಳಿ ಅದನ್ನು ಬಿಡಿಸಿಯೇ ಹೇಳಿತು. ಮಗುವನ್ನು ಬಿಟ್ಟು ಬಂದ ತಾಯಿ ನಿಮ್ಮ ತರಗತಿಯಲ್ಲೂ ಕೂತಿರಬಹುದು, ನಿಮಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಹೊರಗೆ ಉಳಿದವರ ಸಿಟ್ಟು ಇನ್ನೊಂದು ಕಡೆ. ಗಂಡ, ಅಣ್ಣತಮ್ಮಂದಿರನ್ನು ಕಳೆದುಕೊಂಡು, ಆಗಸ್ಟ್ ಬಿಸಿಲಲ್ಲಿ ನೀರಿಲ್ಲದೆ ಬೆಟ್ಟದ ಮೇಲೆ ದಿನಗಟ್ಟಲೆ ಕಳೆದು ಬಂದವರಿಗೆ ‘ನೀವು ಸಿಕ್ಕಿಬೀಳಲಿಲ್ಲ, ಹಾಗಾಗಿ ಯಂತ್ರ ಇಲ್ಲ’ ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ಮತ್ತೆ ಶುರು ಮಾಡಿದಾಗ ಬಾಗಿಲ ಮೇಲೆ ಬರೆದದ್ದು ‘ಹೊಲಿಗೆ ಕಲಿಕೆ’ ಅಂತ ಮಾತ್ರ. ಸೆಕ್ಟರಿನ 18ರಿಂದ 45 ವರ್ಷದ ಯಾವ ಹೆಂಗಸು ಬೇಕಾದರೂ ಬರಬಹುದು. ಮೂರನೇ ಒಂದು ಭಾಗ ಜಾಗವನ್ನು ಮನೋಸಾಮಾಜಿಕ (ಮನಸ್ಸಿಗೆ ಆಸರೆ ಕೊಡುವ) ಸಿಬ್ಬಂದಿ ಸೆರೆಯಿಂದ ಬಂದವರಿಂದ ಸದ್ದಿಲ್ಲದೆ ತುಂಬುತ್ತಿದ್ದರು. ಯಾರು ಆ ದಾರಿಯಿಂದ ಬಂದರು ಅನ್ನುವುದು ಹೊಲಿಗೆ ಕಲಿಸುವವಳಿಗೂ ಗೊತ್ತಿರಲಿಲ್ಲ. ಹಾಜರಿಯಲ್ಲಿ ಸಂಖ್ಯೆ ಮಾತ್ರ. ಸಂಖ್ಯೆಗೆ ಹೆಸರು ಜೋಡಿಸುವ ಪುಸ್ತಕ ಒಂದೇ, ಅದು ಶಿಬಿರದಲ್ಲಲ್ಲ, ನಗರದ ಕಚೇರಿಯ ಬೀಗದ ಕಪಾಟಿನಲ್ಲಿ. ಎಕ್ಸೆಲ್ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ಚಟ ನಮ್ಮ ಕಡೆಯವರಿಗೆ ಹೆಚ್ಚು, ದಯವಿಟ್ಟು ಅದು ಬೇಡ. ದಾನಿಗಳು ಹೆಸರಿನ ಪಟ್ಟಿ ಕೇಳಿಯೇ ಕೇಳುತ್ತಾರೆ. ವಯಸ್ಸಿನ ಗುಂಪು, ಒಟ್ಟು ಹಾಜರಿ ಕೊಡಿ, ಹೆಸರು ಕೊಡುವುದಿಲ್ಲ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಆಮೇಲೆ ಜಗಳವಾಡಿ ಗೆಲ್ಲುವುದು ಕಷ್ಟ.

ಕಲಿಸುವವರು ಹೆಂಗಸರೇ ಆಗಿರಲಿ, ಯಜೀದಿಗಳ ಮಾತಾದ ಕುರ್ಮಾಂಜಿ ಬಗೆಯ ಕುರ್ದಿಷ್ ಮಾತಾಡುವವರಾಗಿರಲಿ. ‘ಕುರ್ದಿಷ್ ಬರುತ್ತೆ’ ಅಂತ ಎರ್ಬಿಲ್ ನಗರದಿಂದ ಬಂದವರು ಸೊರಾನಿ ಅನ್ನುವ ಇನ್ನೊಂದು ಬಗೆಯ ಕುರ್ದಿಷ್ ಮಾತಾಡಿದರೆ ಶಿಂಗಾಲ್‌ನ ಅಜ್ಜಿಗೆ ಅರ್ಧವೂ ತಿಳಿಯುವುದಿಲ್ಲ. ಅರಬಿ ಮಾತಾಡುವ ಗಂಡಸನ್ನು ದುಭಾಷಿಯಾಗಿ ಕೂರಿಸಲೇಬೇಡಿ, ಸೆರೆಯಲ್ಲಿ ಕೇಳಿದ ದನಿ ಅದು. ಮರಳಿ ಬಂದ ಚಿಕ್ಕ ಮಕ್ಕಳದು ಇದಕ್ಕೆ ತಿರುಗುಮುರುಗು. ಕೆಲವರಿಗೆ ಅರಬಿಯೋ ತುರ್ಕ್‌ಮೆನ್ ಭಾಷೆಯೋ ಬಿಟ್ಟು ಬೇರೆ ಮಾತೇ ಬರುತ್ತಿರಲಿಲ್ಲ, ತಾಯಿಯ ಮಾತೂ.

ಇನ್ನು ಯಂತ್ರ. ಬೆಂಗಳೂರಿನಿಂದ ಕಳಿಸಬೇಡಿ. ಸಾಗಣೆ, ಕಸ್ಟಮ್ಸ್ ಒಂದು ಕಡೆಯಿರಲಿ, ಬಾಬಿನ್ ಕೇಸ್ ಸವೆದಾಗ, ಬೆಲ್ಟ್ ಹರಿದಾಗ ಅಲ್ಲೇ ಸಿಗಬೇಕು. ದುಹೋಕ್ ಬಜಾರಿನಲ್ಲಿ ಕೊಂಡ ಯಂತ್ರವನ್ನು ರಿಪೇರಿ ಮಾಡುವವನೂ ಅಲ್ಲೇ ಇರುತ್ತಾನೆ. ಮನೆಬಳಕೆಯ ಯಂತ್ರಕ್ಕೆ ಎಚ್‌ಎ-1 ಸೂಜಿ, ಕಾರ್ಖಾನೆ ಯಂತ್ರಕ್ಕೆ ಡಿಬಿ-1. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದರೆ ದಿನಕ್ಕೊಂದು ಸೂಜಿ ಮುರಿಯುತ್ತದೆ. ಒಂದೇ ಜಾತಿಯ ಯಂತ್ರ ತೆಗೆದುಕೊಳ್ಳಿ.

ಕೊಳ್ಳುವ ಮೊದಲು ಕರೆಂಟು ನೋಡಿ. ಇರಾಕಿನಲ್ಲಿ ಜನರೇಟರ್ ಕರೆಂಟನ್ನು ಆಂಪಿಯರ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ನಮ್ಮದು 10 ಆಂಪಿಯರ್. ಮನೆಬಳಕೆಯ ಯಂತ್ರ ಒಂದಕ್ಕೆ 100 ವ್ಯಾಟ್, ಹತ್ತಕ್ಕೆ 1,000 ವ್ಯಾಟ್. 220 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್, ಸರಿಹೋಯಿತು ಅಂದುಕೊಂಡೆವು. ಇಸ್ತ್ರಿಪೆಟ್ಟಿಗೆ ಲೆಕ್ಕದಲ್ಲೇ ಇರಲಿಲ್ಲ. 1,500 ವ್ಯಾಟಿನ ಪೆಟ್ಟಿಗೆ ಒಂದೇ ಸುಮಾರು 7 ಆಂಪಿಯರ್ ಎಳೆಯುತ್ತದೆ. ಅದನ್ನು ಚುಚ್ಚಿದ ಕೂಡಲೇ ಟ್ರಿಪ್ ಆಗಿ ಕತ್ತಲೆ. ತಗಡಿನ ಡಬ್ಬಿಯಲ್ಲಿ ಇದ್ದಕ್ಕಿದ್ದಂತೆ ಕತ್ತಲಾದರೆ ಸೆರೆಯಿಂದ ಬಂದವರಿಗೆ ಏನಾಗುತ್ತದೆ ಅನ್ನುವುದನ್ನು ನಾವು ಯೋಚಿಸಿಯೇ ಇರಲಿಲ್ಲ. ಆಮೇಲೆ ಅರ್ಧ ಯಂತ್ರಗಳಿಗೆ ಕಾಲಿನಿಂದ ತುಳಿಯುವ ಸ್ಟ್ಯಾಂಡ್ ಹಾಕಿಸಿದೆವು, ಇಸ್ತ್ರಿಯನ್ನು ಕೊನೆಯ ಅರ್ಧ ಗಂಟೆಗೆ ತಳ್ಳಿದೆವು, ಬಾಗಿಲ ಬಳಿ ಬ್ಯಾಟರಿ ದೀಪ ಇಟ್ಟೆವು. ಆ ಅಳತೆಯ ಕಾರವಾನಿಗೆ ಹತ್ತು ಯಂತ್ರವೇ ಹೆಚ್ಚು. 30 ಜನ ಅಂದರೆ ಮೂರು ಪಾಳಿ.

ಖರ್ಚಿನ ಮಾತು: ನಮ್ಮಲ್ಲಿ ರೂಪಾಯಿಗೆ ನಾಲ್ಕಾಣೆಯೂ ಯಂತ್ರಕ್ಕೆ ಹೋಗಲಿಲ್ಲ. ಸಂಬಳ, ಜನರೇಟರ್, ಬಟ್ಟೆ, ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳನ್ನು ನೋಡಿಕೊಳ್ಳುವವರು. ಎಂಟು ಮಕ್ಕಳಿಗೆ ಒಬ್ಬರು, ಪಕ್ಕದ ಕೋಣೆಯಲ್ಲೇ, ತಾಯಿಗೆ ದನಿ ಕೇಳುವಷ್ಟು ದೂರದಲ್ಲಿ. ಈ ಸಾಲು ಬಜೆಟ್ಟಿನಲ್ಲಿ ಇಲ್ಲದಿದ್ದರೆ ಹಾಜರಿಯೂ ಇರುವುದಿಲ್ಲ. ಬಟ್ಟೆ ಕೊಳ್ಳುವಾಗ ಒಂದು ಜೋಪಾನ: ಶಾಲೆಯ ಸಮವಸ್ತ್ರಕ್ಕೆಂದು ಕಡುನೀಲಿಯ ಇಡೀ ಥಾನು ತಂದಿದ್ದೆವು. ಸಂಪ್ರದಾಯಸ್ಥ ಯಜೀದಿಗಳು ನೀಲಿ ಉಡುವುದಿಲ್ಲ, ಹಿರಿಯರು ಮುಟ್ಟಲಿಲ್ಲ. ಬುಧವಾರ ಅವರ ಪವಿತ್ರ ದಿನ, ಪರೀಕ್ಷೆ ಗಿರೀಕ್ಷೆ ಅವತ್ತು ಇಡಬೇಡಿ. ಆಗಸ್ಟ್ 3ರ ಆಸುಪಾಸಿನ ವಾರ ಯಾರೂ ಬರದಿದ್ದರೆ ಕಾರಣ ಕೇಳಬೇಡಿ.

ಹೊಲಿದು ಮಾರುತ್ತೇವೆ ಅನ್ನುವ ಕನಸು ನಿಮ್ಮ ಪ್ರಶ್ನೆಯಲ್ಲಿದೆ. ಟರ್ಕಿ, ಚೀನಾದ ಸಿದ್ಧ ಉಡುಪು ಬಜಾರಿನಲ್ಲಿ ರಾಶಿ ಬಿದ್ದಿರುವಾಗ ಹೊಸ ಉಡುಪು ಹೊಲಿದು ಗೆಲ್ಲುವುದು ಆಗದ ಮಾತು. ನಮ್ಮಲ್ಲಿ ನಡೆದದ್ದು ಚಿಲ್ಲರೆ ಕೆಲಸ: ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ನೆಲಹಾಸಿಗೆಯ ಗವಸು, ಶಿಂಗಾಲ್‌ನ ಹಿರಿಯ ಹೆಂಗಸರು ಉಡುವ ಬಿಳಿ ಬಟ್ಟೆ. ನಮ್ಮೂರಲ್ಲಿ ಉಚಿತ ಹೊಲಿಗೆ ಯಂತ್ರ ವಿತರಣೆ ಸಮಾರಂಭದ ಫೋಟೋ ನೋಡಿ ಬೆಳೆದವರು ನಾವು, ಹೆಣ್ಣಿಗೆ ಸಹಾಯ ಅಂದರೆ ಕೈ ಮೊದಲು ಯಂತ್ರದ ಕಡೆಗೇ ಹೋಗುತ್ತದೆ.

ನನ್ನನ್ನು ಕೇಳಿದರೆ, ಸೆರೆಯಿಂದ ಬಂದವರಿಗೇ ಅಂತ ಎತ್ತಿಟ್ಟ ದುಡ್ಡನ್ನು ಒಬ್ಬ ವಕೀಲೆಗೆ, ಒಂದು ಕಾರಿಗೆ ಹಾಕಿ. 2021ರ ಮಾರ್ಚ್ 1ರಂದು ಇರಾಕ್ ಸಂಸತ್ತು ಯಜೀದಿ ಸಂತ್ರಸ್ತೆಯರ ಕಾನೂನು ಒಪ್ಪಿತು. ತಿಂಗಳ ವೇತನ, ನಿವೇಶನ, ವಯಸ್ಸಿನ ಮಿತಿಯಿಲ್ಲದೆ ಓದು, ಸರ್ಕಾರಿ ಕೆಲಸದಲ್ಲಿ ಶೇ. 2 ಮೀಸಲು ಅದರಲ್ಲಿವೆ. ಇತರ ಅಲ್ಪಸಂಖ್ಯಾತರಾದ ತುರ್ಕ್‌ಮೆನ್, ಕ್ರೈಸ್ತ, ಶಬಕ್ ಹೆಂಗಸರಿಗೂ ಅನ್ವಯಿಸುತ್ತದೆ. 2022ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಅರ್ಜಿ. ಆದರೆ ಅರ್ಜಿ ನೋಡುವ ಸಮಿತಿ ಕ್ರಿಮಿನಲ್ ದೂರಿನ ದಾಖಲೆಯನ್ನೂ ಕೇಳತೊಡಗಿತು. ಅಂದರೆ ಇನ್ನೊಂದು ಮೇಜಿನ ಮುಂದೆ ಕೂತು ಅದೇ ಕಥೆ ಮತ್ತೆ ಹೇಳಬೇಕು. ಗುರುತಿನ ಕಾರ್ಡು ಕಳೆದವರಿಗೆ ಅದಕ್ಕೂ ಮೊದಲೇ ಅಲೆದಾಟ. ಜೊತೆಗೆ ಹೋಗುವ ಒಬ್ಬಳು ವಕೀಲೆ, ಚೆಕ್‌ಪೋಸ್ಟ್ ದಾಟಿಸಿ ಮೊಸುಲ್‌ಗೆ ಕರೆದೊಯ್ದು ಸಂಜೆಯೊಳಗೆ ಮರಳಿ ತರುವ ಕಾರು, ಇವು ಇದ್ದರೆ ಅರ್ಜಿ ಮುಂದೆ ಹೋಗುತ್ತದೆ. ವಾಪಸು ಬಂದ ಕಾರು ಟೆಂಟಿನ ಮುಂದೆ ನಿಲ್ಲದೆ ಶಿಬಿರದ ಗೇಟಿನ ಹೊರಗೆ ನಿಲ್ಲಲಿ.

ಹುಡುಗರನ್ನು ನೀವು ಎಣಿಸಿಯೇ ಇಲ್ಲ. ಸೆರೆಯಿಂದ ಮರಳಿದ ಮಕ್ಕಳು ಸುಮಾರು 2,000 ಅಂತ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ 2020ರಲ್ಲಿ ವರದಿ ಮಾಡಿತ್ತು. ಅವರಲ್ಲಿ ಬಂದೂಕು ಹಿಡಿಸಿಕೊಂಡವರೂ ಇದ್ದರು. ನಾಲ್ಕೈದು ವರ್ಷದ ಓದು ತಪ್ಪಿದ ಹದಿನೈದರ ಹುಡುಗನನ್ನು ಮೂರನೇ ತರಗತಿಯ ಬೆಂಚಿನಲ್ಲಿ ಕೂರಿಸಿದರೆ ಎರಡನೇ ದಿನ ಬರುವುದಿಲ್ಲ. ಎರಡು ವರ್ಷದ ಪಾಠವನ್ನು ಒಂದು ವರ್ಷದಲ್ಲಿ ಮುಗಿಸುವ ತ್ವರಿತ ತರಗತಿ ಬೇಕು. ಶಿಂಗಾಲ್‌ನಲ್ಲಿ ಓದು ಅರಬಿಯಲ್ಲಿ, ದುಹೋಕ್‌ನ ಸರ್ಕಾರಿ ಶಾಲೆಯಲ್ಲಿ ಕುರ್ದಿಷ್‌ನಲ್ಲಿ, ಅದನ್ನೂ ನೋಡಿಕೊಳ್ಳಿ.

ಕೊನೆಗೆ ಜಾಗ. ಶಿಬಿರಗಳನ್ನು 2024ರ ಜುಲೈ 30ರೊಳಗೆ ಮುಚ್ಚುತ್ತೇವೆ ಅಂತ ಬಾಗ್ದಾದ್‌ನ ಸರ್ಕಾರ ಗಡುವು ಕೊಟ್ಟಿತ್ತು, ಮರಳುವ ಕುಟುಂಬಕ್ಕೆ 40 ಲಕ್ಷ ದಿನಾರ್ ಅಂತಲೂ ಹೇಳಿತ್ತು. ಹೋದವರಿದ್ದಾರೆ, ಗಡುವು ದಾಟಿದ ಮೇಲೂ ಟೆಂಟಿನಲ್ಲೇ ಉಳಿದವರೂ ಇದ್ದಾರೆ. ಹಾಗಾಗಿ ಸಿಮೆಂಟು ಹಾಕಿ ಕಟ್ಟಡ ಕಟ್ಟಬೇಡಿ. ಸ್ಟ್ಯಾಂಡಿನಿಂದ ಹೊಲಿಯುವ ತಲೆಭಾಗವನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಬಹುದಾದ ಯಂತ್ರ ಕೊಳ್ಳಿ. ಊರಿಗೆ ಹೊರಟವಳ ಜೊತೆ ಅದೂ ಪಿಕಪ್ ಹತ್ತುವಂತಿರಲಿ, ಹತ್ತು ಸೂಜಿ, ಎರಡು ಬೆಲ್ಟ್, ಒಂದು ಬಾಬಿನ್ ಕೇಸ್ ಸಮೇತ. ಆ ಪೆಟ್ಟಿಗೆಯ ಮೇಲೆ ಯಾವ ಸ್ಟಿಕ್ಕರೂ ಬೇಡ.