‘ನಂಗೆ ಕೆಲಸ ಇದೆಯೋ ಇಲ್ಲವೋ, ಅದನ್ನು ಹೇಳಿ’

ನಾನು ಆಪ್ತ ಸಮಾಲೋಚಕಿ. ಕೆಲಸ ಕಳೆದುಕೊಂಡವರು ನನ್ನ ಹತ್ತಿರ ಬರುವುದು ಹೊಸದಲ್ಲ. ಈಚೆಗೆ ಇನ್ನೊಂದು ಬಗೆಯವರೂ ಜಾಸ್ತಿ ಬರುತ್ತಿದ್ದಾರೆ. ‘ನಿನ್ನ ಕೆಲಸ ಹೋಯಿತು’ ಅಂತ ಬೇರೆಯವರಿಗೆ ಹೇಳಬೇಕಾದವರು. ಸೂಪರ್‌ವೈಸರ್‌ಗಳು, ಟೀಮ್ ಲೀಡ್‌ಗಳು, ಎಚ್‌ಆರ್‌ನಲ್ಲಿ ಈಗಷ್ಟೇ ಸೇರಿದ ಹುಡುಗ ಹುಡುಗಿಯರು. ತೀರ್ಮಾನ ಮೇಲಿನವರದು, ಹೇಳುವ ಬಾಯಿ ಇವರದು. ಅಂಥ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಅವರಿಗೆ ಕೊಟ್ಟ ಸಲಹೆಯ ಒಂದು ಭಾಗ ನನ್ನನ್ನು ಇವತ್ತಿಗೂ ಕಾಡುತ್ತದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್. ಸುಮಾರು 40 ಜನ. ಇವರು ಅಲ್ಲಿ ಸೂಪರ್‌ವೈಸರ್, ವಯಸ್ಸು ನಲವತ್ತೈದರ ಹತ್ತಿರ, ಊರು ಹಾವೇರಿ ಕಡೆ. ದೊಡ್ಡ ಆರ್ಡರ್ ಒಂದು ಕೈತಪ್ಪಿತ್ತು. ಎರಡನೇ ಶಿಫ್ಟ್ ನಿಲ್ಲಿಸಿ 9 ಜನರನ್ನು ತೆಗೆಯಬೇಕು ಅಂತ ಮಾಲೀಕರು ನಿರ್ಧರಿಸಿದ್ದರು. ‘ತಿಂಗಳ ಕೊನೆಗೆ ನೀನೇ ಹೇಳಿಬಿಡು, ನಿನ್ನ ಮಾತು ಕೇಳ್ತಾರೆ. ಅಲ್ಲೀತನಕ ಯಾರ ಹತ್ತಿರಾನೂ ಬಾಯಿ ಬಿಡಬೇಡ’ ಅಂದಿದ್ದರು. ಅವರು ನನ್ನ ಹತ್ತಿರ ಬಂದದ್ದು ಅದಾದ 11ನೇ ದಿನ. ರಾತ್ರಿ ನಿದ್ದೆ ಇಲ್ಲ, ಎದೆ ಹಿಡಿದುಕೊಂಡ ಹಾಗೆ. ಇಸಿಜಿ ಮಾಡಿಸಿದರೆ ಏನೂ ಇಲ್ಲ.

ಮೊದಲ ಭೇಟಿಯಲ್ಲಿ ಹೆಚ್ಚೇನೂ ನಡೆಯಲಿಲ್ಲ. ಹೇಳಬೇಕು ಅಂದುಕೊಂಡಿದ್ದನ್ನು ಬರೆದುಕೊಂಡು ಬನ್ನಿ ಅಂದೆ.

ಮೂರು ದಿನ ಬಿಟ್ಟು ನೋಟ್‌ಬುಕ್ಕಿನ ಹಾಳೆ ಹಿಡಿದುಕೊಂಡು ಬಂದರು. ‘ನಾನು ನಿಮ್ಮ ಆಪರೇಟರ್. ನನಗೇ ಹೇಳಿ’ ಅಂತ ಎದುರಿಗೆ ಕೂತೆ. ಅವರು ಶುರು ಮಾಡಿದರು. ಕಂಪನಿ ಕಷ್ಟದಲ್ಲಿದೆ, ಮಾರ್ಕೆಟ್ ಬಿದ್ದಿದೆ. ನೀವೆಲ್ಲ ನನ್ನ ಮನೆಯವರಿದ್ದ ಹಾಗೆ. ಕೈಯಲ್ಲಿ ಕೆಲಸ ಇರೋನಿಗೆ ಭಯ ಯಾಕೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ. ಹೀಗೆ ಏಳು ನಿಮಿಷ ಮಾತಾಡಿದರು. ಮಧ್ಯೆ ಅವರ ಕಣ್ಣೇ ಒದ್ದೆಯಾಯಿತು.

ಮುಗಿದ ಮೇಲೆ ನಾನು ಕೇಳಿದೆ. ‘ಅಣ್ಣಾ, ನಾಳೆಯಿಂದ ನಂಗೆ ಕೆಲಸ ಇದೆಯೋ ಇಲ್ಲವೋ, ಅದನ್ನು ಹೇಳಿ.’

ಅವರು ಹಾಳೆ ನೋಡಿದರು. ತಿರುಗಿಸಿ ಹಿಂದೆ ನೋಡಿದರು. ಆ ಒಂದು ಮಾತು ಎಲ್ಲೂ ಇರಲಿಲ್ಲ.

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದು ತಮ್ಮ ತಂದೆಯ ವಿಷಯ. 14 ವರ್ಷದ ಹಿಂದೆ ಒಂದು ಸಂಜೆ ಊರಿನಿಂದ ಕಾಕಾ ಫೋನ್ ಮಾಡಿದ್ದರು. ‘ಅಪ್ಪಗ ಆರಾಮಿಲ್ಲ, ರಾತ್ರಿ ಬಸ್ಸಿಗೆ ಹೊರಟು ಬಾ.’ ಇವರು ಗೊರಗುಂಟೆಪಾಳ್ಯದಲ್ಲಿ ಬಸ್ ಹತ್ತುವ ಮೊದಲು ಎರಡು ಕೆಜಿ ಮೂಸಂಬಿ ಕೊಂಡರು, ಅಪ್ಪನಿಗೆ ಜ್ಯೂಸ್ ಮಾಡಿ ಕುಡಿಸೋಣ ಅಂತ. ಬೆಳಿಗ್ಗೆ ಊರಿನ ಸ್ಟ್ಯಾಂಡಿನಲ್ಲಿ ಇಳಿದಾಗ ಚಹದ ಅಂಗಡಿಯವನು ಇವರನ್ನು ನೋಡಿ ಎದ್ದು ನಿಂತ. ಏನೂ ಮಾತಾಡಲಿಲ್ಲ. ಮನೆ ತಿರುವಿನಲ್ಲಿ ಬೆಂಕಿ ಹಾಕಿದ್ದು ಕಾಣಿಸಿತು. ಅಪ್ಪ ಹೋಗಿದ್ದು ಹಿಂದಿನ ದಿನ ಮಧ್ಯಾಹ್ನ.

‘ಇಡೀ ಊರಿಗೆ ಗೊತ್ತಿತ್ತು ಮೇಡಂ. ನನಗೊಬ್ಬನಿಗೇ ಗೊತ್ತಿರಲಿಲ್ಲ. ಆ ಮೂಸಂಬಿ ಚೀಲ ಎಲ್ಲಿ ಇಡಬೇಕು ಅಂತಾನೇ ತಿಳೀಲಿಲ್ಲ.’

ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದರು. ‘ನಮ್ಮ ಶಾಪಲ್ಲಿ ಒಬ್ಬ ಹುಡುಗ ಇದ್ದಾನೆ. ಮದುವೆ ಗೊತ್ತಾಗಿದೆ. ದಾಸರಹಳ್ಳಿಯಲ್ಲಿ ಲೀಸ್‌ಗೆ ಮನೆ ನೋಡ್ತಿದ್ದಾನೆ. ಅಣ್ಣಾ, ನೀವೂ ಬಂದು ನೋಡಿ ಅಂತ ನಿನ್ನೆ ಕರೆದ. ಲಿಸ್ಟಲ್ಲಿ ಅವನ ಹೆಸರಿದೆ. ಅವನೂ ಈಗ ಮೂಸಂಬಿ ಕೊಳ್ತಿದ್ದಾನೆ, ಅಲ್ವಾ?’

ನಮ್ಮ ಕಡೆ ಸಾವಿನ ಸುದ್ದಿಯನ್ನು ದೂರದಲ್ಲಿರುವವರಿಗೆ ನೇರವಾಗಿ ಹೇಳುವುದಿಲ್ಲ. ಸೀರಿಯಸ್ ಇದೆ ಅನ್ನುತ್ತೇವೆ. ದಾರಿಯಲ್ಲಿ ಒಬ್ಬರೇ ಇರುತ್ತಾರೆ, ಏನಾದರೂ ಆದೀತು ಅನ್ನುವ ಕಾಳಜಿ ಅದರಲ್ಲಿ ಇದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಅಭ್ಯಾಸ ಕೆಲಸದ ಜಾಗಕ್ಕೂ ಬಂದು ಕೂತಿದೆ. ಸಾವಿನ ಸುದ್ದಿ ಒಂದು ರಾತ್ರಿ ತಡವಾದರೆ ಸತ್ತವರಿಗೆ ಏನೂ ಆಗುವುದಿಲ್ಲ. ಕೆಲಸ ಹೋಗುವ ಸುದ್ದಿ ಒಂದು ವಾರ ತಡವಾದರೆ ಅಷ್ಟರಲ್ಲಿ ಆ ಮನುಷ್ಯ ಬೈಕಿಗೆ ಇಎಂಐ ಹಾಕಿಸಿರುತ್ತಾನೆ, ಚೀಟಿ ಎತ್ತಿರುತ್ತಾನೆ, ಮಗಳ ಶಾಲೆ ಬದಲಿಸಿರುತ್ತಾನೆ. ತಡ ಮಾಡಿದ್ದರಿಂದ ಹೇಳುವವರ ಎದೆ ಹಗುರಾಗಬಹುದು. ಹೊರೆ ಬೀಳುವುದು ಕೇಳುವವರ ಮೇಲೆ.

ಈ ಮಾತು ನನ್ನ ಅನುಭವದಿಂದ ಮಾತ್ರ ಬಂದದ್ದಲ್ಲ. ಕೆಟ್ಟ ಸುದ್ದಿ ದಾಟಿಸಲು ಮನುಷ್ಯರು ಹಿಂಜರಿಯುವುದನ್ನು ರೋಸೆನ್ ಮತ್ತು ಟೆಸ್ಸರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಒಂದು ಕಂಪನಿಯ ಎರಡು ಕಾರ್ಖಾನೆಗಳಲ್ಲಿ 10 ವಾರ ಸಂಬಳವನ್ನು ಶೇ 15ರಷ್ಟು ಕಡಿತ ಮಾಡಿದರು. ಒಂದು ಕಡೆ ಸುಮಾರು ಒಂದೂವರೆ ಗಂಟೆ ಕೂತು, ಲೆಕ್ಕ ತೋರಿಸಿ, ಬೇಸರ ಹೇಳಿಕೊಂಡು, ಪ್ರಶ್ನೆಗೆಲ್ಲ ಉತ್ತರ ಕೊಟ್ಟರು. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ಮುಗಿಸಿದರು. ಎರಡನೇ ಕಡೆ ಕಳ್ಳತನ ಬಹಳ ಹೆಚ್ಚಾಯಿತು, ಕೆಲಸ ಬಿಟ್ಟು ಹೋದವರೂ ಹೆಚ್ಚು. ಕಡಿತ ಎರಡೂ ಕಡೆ ಅಷ್ಟೇ ಇತ್ತು. ಮಾಲೀಕರ ಮುಂದೆ ಮನುಷ್ಯತ್ವದ ಮಾತು ನಡೆಯದಿದ್ದರೆ ಈ ಲೆಕ್ಕವನ್ನಾದರೂ ಮುಂದಿಡಿ ಅಂತ ಇವರಿಗೆ ಹೇಳಿಕೊಟ್ಟೆ.

ಆಮೇಲೆ ಅವರು ಕೇಳಿದ ಪ್ರಶ್ನೆಯೇ ನನಗೆ ಕಷ್ಟವಾದದ್ದು. ‘ಆ ಹುಡುಗನಿಗೊಬ್ಬನಿಗೆ ಇವತ್ತೇ ಗುಟ್ಟಾಗಿ ಹೇಳಿಬಿಡಲಾ?’

ಬೇಡ ಅಂದೆ. ಒಬ್ಬನಿಗೆ ಹೇಳಿದರೆ ನಾಳೆ ಟೀ ಬ್ರೇಕಿನ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತದೆ. ಉಳಿದ 8 ಜನ ಗಾಳಿಮಾತಿನಲ್ಲಿ ಕೇಳುತ್ತಾರೆ. ತೆಗೆಯಬೇಕಾಗಿಲ್ಲದವರೂ ಹೆದರುತ್ತಾರೆ. ನಾಳೆ ಬೆಳಿಗ್ಗೆಯೇ ಮಾಲೀಕರ ಹತ್ತಿರ ಹೋಗಿ, ತಿಂಗಳ ಕೊನೆತನಕ ಕಾಯದೆ ಬೇಗ ಹೇಳಲು ಬಿಡಿ ಅಂತ ಕೇಳಿ ಅಂದೆ. ಜೊತೆಗೆ ಬರೀ ಬಾಯಿಮಾತಿನಲ್ಲಿ ಹೇಳಲು ಒಪ್ಪಬೇಡಿ, ಪ್ರತಿಯೊಬ್ಬರ ಲೆಕ್ಕ ಬರೆದ ಕಾಗದ ಕೈಯಲ್ಲಿ ಇರಬೇಕು ಅಂದೆ. ಒಂದು ವರ್ಷ ಪೂರೈಸಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ, 5 ವರ್ಷ ಆಗಿದ್ದರೆ ಗ್ರಾಚ್ಯುಟಿ ಬೇರೆ. ಇದು ಕಾನೂನು ಕೊಟ್ಟ ಹಕ್ಕು. ಕೆಲಸ ಹೋಯಿತು ಅಂತ ಕೇಳಿದವನು ಮುಂದೆ ಕೇಳುವುದೇ ಇದನ್ನು. ಆಗ ‘ಆಫೀಸಲ್ಲಿ ಕೇಳಿ ಹೇಳ್ತೀನಿ’ ಅಂದರೆ ಅವನನ್ನು ಇನ್ನೊಮ್ಮೆ ಕತ್ತಲಲ್ಲಿ ಬಿಟ್ಟ ಹಾಗೆ.

ಮಾಲೀಕರು ಒಪ್ಪಲು ಐದು ದಿನ ತೆಗೆದುಕೊಂಡರು. ಅಷ್ಟರಲ್ಲಿ ಆ ಹುಡುಗ ಮನೆಗೆ 50 ಸಾವಿರ ಮುಂಗಡ ಕೊಟ್ಟಿದ್ದ.

ನನ್ನ ಸಹೋದ್ಯೋಗಿ ಒಬ್ಬರು, ನೀನು ತಪ್ಪು ಮಾಡಿದೆ, ‘ಮನೆ ವಿಷಯ ಸ್ವಲ್ಪ ತಡಿ’ ಅಂತಲಾದರೂ ಹೇಳಿಸಬಹುದಿತ್ತು ಅಂದರು. ನಾನು ಒಪ್ಪಲಿಲ್ಲ. ಕಾರಣ ಹೇಳದೆ ತಡಿ ಅಂದರೆ ಅವನು ಕಾರಣ ಕೇಳುತ್ತಾನೆ, ಆಗ ಇವರು ಸುಳ್ಳು ಹೇಳಬೇಕಾಗುತ್ತದೆ ಅನ್ನುವುದು ನನ್ನ ವಾದವಾಗಿತ್ತು. ಈಗಲೂ ವಾದ ಅದೇ. ಆದರೆ ಐವತ್ತು ಸಾವಿರ ಅವನದು, ನನ್ನದಲ್ಲ. ವಾದ ಮಾಡುವಾಗ ಅದೂ ನೆನಪಾಗುತ್ತದೆ.

ಹೇಳುವ ದಿನಕ್ಕೆ ನಾವು ಮತ್ತೆ ಎರಡು ಸಲ ಅಭ್ಯಾಸ ಮಾಡಿದೆವು. ಕ್ಯಾನ್ಸರ್ ವೈದ್ಯ ರಾಬರ್ಟ್ ಬಕ್‌ಮನ್ ಮತ್ತು ಅವರ ಜೊತೆಗಾರರು ಕೆಟ್ಟ ಸುದ್ದಿ ಹೇಳುವುದು ಹೇಗೆ ಅಂತ 2000ದಲ್ಲಿ ವೈದ್ಯರಿಗಾಗಿ ಬರೆದ ಆರು ಹೆಜ್ಜೆಗಳಿವೆ. ಅದರಿಂದ ಎರಡನ್ನು ಮಾತ್ರ ತೆಗೆದುಕೊಂಡೆ. ಮೊದಲು ಅವರಿಗೆ ಎಷ್ಟು ಗೊತ್ತಿದೆ ಅಂತ ಕೇಳಿ. ಸುದ್ದಿ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ. ಎರಡನೆಯದು ಬಹಳ ಕಷ್ಟ. ಮೌನ ಬಂದ ಕೂಡಲೇ ನಾವು ದೇವರನ್ನು, ಹಣೆಬರಹವನ್ನು ತಂದು ತುಂಬುತ್ತೇವೆ. ಆ ಹೊತ್ತು ಅವರದು, ಅವರಿಗೇ ಬಿಡಬೇಕು.

ಏಳು ನಿಮಿಷದ ಭಾಷಣದ ಜಾಗದಲ್ಲಿ ನಾಲ್ಕು ಸಾಲು ಉಳಿಯಿತು. ‘ಕೆಟ್ಟ ಸುದ್ದಿ ಹೇಳಬೇಕಾಗಿದೆ. ಎರಡನೇ ಶಿಫ್ಟ್ ನಿಲ್ಲಿಸ್ತಿದ್ದಾರೆ. ನಿನ್ನ ಕೆಲಸ ಈ ತಿಂಗಳಿಗೆ ಮುಗಿಯುತ್ತೆ. ನಿನಗೆ ಬರಬೇಕಾದ ದುಡ್ಡಿನ ಲೆಕ್ಕ ಇಲ್ಲಿದೆ.’ ಶನಿವಾರ ಸಂಜೆ ಬೇಡ, ವಾರದ ಮಧ್ಯದಲ್ಲಿ ಬೆಳಿಗ್ಗೆ ಹೇಳಿ ಅಂದೆ. ಮಾರನೇ ದಿನ ಬಂದು ಪ್ರಶ್ನೆ ಕೇಳಲು ಅವರಿಗೆ ಯಾರಾದರೂ ಸಿಗಬೇಕು. ಒಬ್ಬೊಬ್ಬರನ್ನೇ ಕರೆಯಿರಿ, ಹೊರಗೆ ಕಾಯುವವರ ಎದುರು ಹಾದುಹೋಗುವಂತೆ ಮಾಡಬೇಡಿ. ‘ನಾನೇ ಯಾಕೆ’ ಅಂದರೆ, ಕೊನೆಗೆ ಸೇರಿದವರನ್ನು ಮೊದಲು ಬಿಡುವ ನಿಯಮ ಹೇಳಿ, ಸೇರಿದ ದಿನಾಂಕಗಳ ಪಟ್ಟಿ ತೋರಿಸಿ. ಯಾರಾದರೂ ಬದುಕಿನ ಮೇಲೇ ಬೇಸರದ ಮಾತಾಡಿದರೆ ಒಬ್ಬರನ್ನೇ ಮನೆಗೆ ಕಳಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಹಚ್ಚಿಕೊಡಿ, ಅಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಿದ್ದೆ. ಯಾರಾದರೂ ‘ನಿಮಗೆ ಯಾವತ್ತು ಗೊತ್ತಾಯ್ತು’ ಅಂತ ಕೇಳಿದರೆ ನಿಜ ಹೇಳಿ. ದಿನ ಕಡಿಮೆ ಮಾಡಬೇಡಿ.

9 ಜನರಲ್ಲಿ 8 ಜನ ಕೇಳಲಿಲ್ಲ. ಆ ಹುಡುಗ ಕೇಳಿದ. ಕಾಗದ ಮಡಚಿ ಜೇಬಿಗಿಟ್ಟು, ಬಾಗಿಲ ಹತ್ತಿರ ಹೋಗಿ ತಿರುಗಿ ಕೇಳಿದನಂತೆ.

‘ಇಪ್ಪತ್ತೊಂದು ದಿನ ಆಯ್ತು’ ಅಂದರಂತೆ ಇವರು.

‘ಮನೆ ನೋಡೋಕೆ ಬನ್ನಿ ಅಂತ ಕರೆದಾಗ್ಲೂ?’

‘ಹೂಂ. ಆಗ್ಲೂ.’

ಮರುದಿನ ಇವರೇ ಹೋಗಿ ದಾಸರಹಳ್ಳಿ ಮನೆಯವರ ಹತ್ತಿರ ಮಾತಾಡಿದರು. 30 ಸಾವಿರ ವಾಪಸ್ ಬಂತು. ಈಗ ಇವರಿಗೆ ನಿದ್ದೆ ಬರುತ್ತದೆ, ಎದೆ ಹಿಡಿಯುವುದು ನಿಂತಿದೆ. 8 ಜನ ಫೋನ್ ಮಾಡಿದರೆ ಮಾತಾಡುತ್ತಾರೆ, ಅದರಲ್ಲಿ ಇಬ್ಬರಿಗೆ ಇವರೇ ಬೇರೆ ಕಡೆ ಕೆಲಸ ಹೇಳಿಸಿದ್ದಾರೆ. ಆ ಹುಡುಗ ಮಾತ್ರ ಫೋನ್ ಎತ್ತುವುದಿಲ್ಲ. ಇವರು ಪ್ರತಿ ಭಾನುವಾರ ಒಂದು ಸಲ ಮಾಡಿ ನೋಡುತ್ತಾರೆ. ನಿಲ್ಲಿಸಿ ಅಂತ ನಾನು ಹೇಳಿಲ್ಲ.