ಇಂಗ್ಲಿಷಿನಲ್ಲಿ ಕೋಲನ್ (:) ಎಲ್ಲಿ, ಸೆಮಿಕೋಲನ್ (;) ಎಲ್ಲಿ?

ಕನ್ನಡ ಮಾಧ್ಯಮದಲ್ಲಿ ಓದಿದ ನಿಮಗೆ ಇಂಗ್ಲಿಷ್ ಬರೆಯುವಾಗ ಈ ಎರಡು ಚಿಹ್ನೆಗಳ ವ್ಯತ್ಯಾಸವೇ ತಿಳಿಯುವುದಿಲ್ಲ ಅಂತ ಕೇಳಿದ್ದೀರಿ. ನಾನು ಬದಿಯಡ್ಕದಲ್ಲಿ ಸಂಜೆ ಹೊತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರು ಕೇಳುವುದೂ ಇದನ್ನೇ.

ಕೋಲನ್ ಸುಲಭ. ಆ ಜಾಗದಲ್ಲಿ ಮನಸ್ಸಿನೊಳಗೆ 'ಯಾವುದಂದ್ರೆ' ಅಥವಾ 'ಏನಂದ್ರೆ' ಅಂತ ಹೇಳಿ ನೋಡಿ. 'ವಿ ಸ್ಪೀಕ್ ತ್ರೀ ಲ್ಯಾಂಗ್ವೇಜಸ್ ಅಟ್ ಹೋಮ್: ತುಳು, ಕನ್ನಡ ಆ್ಯಂಡ್ ಮಲಯಾಳಂ.' ಸರಿಯಾಗಿ ಕೂತಿತು ಅಲ್ವಾ? ಕೋಲನ್‌ಗಿಂತ ಮೊದಲಿನ ಮಾತು ಮಾತ್ರ ಪೂರ್ತಿ ವಾಕ್ಯ ಆಗಿರಬೇಕು. 'ಮೈ ಲ್ಯಾಂಗ್ವೇಜಸ್ ಆರ್:' ಅಂತ ನಿಲ್ಲಿಸಬೇಡಿ, ಅಲ್ಲಿ ಮಾತು ಇನ್ನೂ ಮುಗಿದಿಲ್ಲ.

ನಾವು ಜಾಸ್ತಿ ಎಡವುವುದು ಸೆಮಿಕೋಲನ್‌ನಲ್ಲಿ. ಅದಕ್ಕೆ ಕಾರಣ ನಮ್ಮ ಕನ್ನಡದ ಅಭ್ಯಾಸ. 'ಮಳೆ ನಿಂತಿತು, ಬಸ್ಸು ಬರಲಿಲ್ಲ' ಅಂತ ಬರೆದರೆ ಕನ್ನಡದಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಎರಡು ಪೂರ್ತಿ ವಾಕ್ಯಗಳ ನಡುವೆ ಸುಮ್ನೆ ಕಾಮಾ ಹಾಕಿದರೆ ಅದು ತಪ್ಪು. ಅಲ್ಲಿ ಸೆಮಿಕೋಲನ್ ಹಾಕಬಹುದು: 'ದಿ ರೈನ್ ಸ್ಟಾಪ್ಡ್; ದಿ ಬಸ್ ಡಿಡ್ ನಾಟ್ ಕಮ್.' ಬೆರಳಿನಿಂದ ಎಡಗಡೆ ಮುಚ್ಚಿ ಓದಿ, ಆಮೇಲೆ ಬಲಗಡೆ ಮುಚ್ಚಿ ಓದಿ. ಎರಡೂ ತಮ್ಮಷ್ಟಕ್ಕೆ ನಿಲ್ಲಬೇಕು. 'ಬಿಕಾಸ್ ದಿ ರೈನ್ ಸ್ಟಾಪ್ಡ್' ನಿಲ್ಲುವುದಿಲ್ಲ, ಅದರ ಪಕ್ಕ ಸೆಮಿಕೋಲನ್ ಬೇಡ. ನಡುವೆ 'ಬಟ್' ಇದ್ದರೆ ಕಾಮಾ ಸಾಕು. 'ಹೌಎವರ್' ಬಂದರೆ ಅದರ ಮೊದಲು ಸೆಮಿಕೋಲನ್, ನಂತರ ಕಾಮಾ.

ಹಾಗಂತ ಎಲ್ಲ ಕಡೆಯೂ ಹಾಕಬೇಡಿ. ಕಳೆದ ವಾರ ಒಬ್ಬಳು ಹುಡುಗಿ ಕೆಲಸದ ಅರ್ಜಿ ತಂದು ತೋರಿಸಿದಳು. ಐದು ವಾಕ್ಯಗಳು, ನಡುವೆ ನಾಲ್ಕೂ ಕಾಮಾ. ಕೂತು ತಿದ್ದಿದೆವು. ಮೂರು ಕಡೆ ಫುಲ್‌ಸ್ಟಾಪ್ ಬಂತು. ಸೆಮಿಕೋಲನ್ ಹಾಕಿದ್ದು ಒಂದೇ ಕಡೆ: 'ಮೈ ಫಾದರ್ ಗ್ರೋಸ್ ಅರೆಕಾನಟ್; ಐ ಕೀಪ್ ದಿ ಅಕೌಂಟ್ಸ್.' ಅಡಿಕೆ ತೋಟ ಅಪ್ಪನದು, ಲೆಕ್ಕ ಮಗಳದು. ಒಂದೇ ಮನೆಯ ಮಾತು, ಅದನ್ನು ಕಡಿದು ಹಾಕಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಬಳಕೆ ಉದ್ದದ ಪಟ್ಟಿಯಲ್ಲಿ. ಪಟ್ಟಿಯ ಒಳಗೇ ಕಾಮಾಗಳಿದ್ದರೆ ದೊಡ್ಡ ಭಾಗಗಳನ್ನು ಬೇರೆ ಮಾಡುವುದು ಸೆಮಿಕೋಲನ್. 1949ರಲ್ಲಿ ಅಂಗೀಕರಿಸಿದ ನಮ್ಮ ಸಂವಿಧಾನದ ಪೀಠಿಕೆಯನ್ನು ಇಂಗ್ಲಿಷಿನಲ್ಲಿ ತೆಗೆದು ನೋಡಿ: 'ಜಸ್ಟಿಸ್, ಸೋಷಿಯಲ್, ಎಕನಾಮಿಕ್ ಆ್ಯಂಡ್ ಪೊಲಿಟಿಕಲ್; ಲಿಬರ್ಟಿ ಆಫ್ ಥಾಟ್...' ಹೀಗೆ ಸಾಗುತ್ತದೆ. ನಾನು ಮಕ್ಕಳಿಂದ ಇದನ್ನು ಜೋರಾಗಿ ಓದಿಸುತ್ತೇನೆ. ಕಾಮಾದಲ್ಲಿ ಸಣ್ಣ ಉಸಿರು, ಸೆಮಿಕೋಲನ್‌ನಲ್ಲಿ ದೊಡ್ಡ ಉಸಿರು. ಅಲ್ಲಿ 'ಸಿಟಿಜನ್ಸ್' ಆದ ಮೇಲೆ ವಾಕ್ಯ ಮುಗಿಯುವ ಮೊದಲೇ ಒಂದು ಕೋಲನ್ ಇದೆ. ಅದು ಕಾನೂನಿನ ಬರವಣಿಗೆಯ ರೂಢಿ, ನಿಮ್ಮ ಪತ್ರದಲ್ಲಿ ಹಾಗೆ ಬರೆಯಬೇಡಿ.